ಅಂಬಾಸಿಡರ್ ಮಾರ್ಕ್ 4: ನೀಡಲ್ ಬದಲಿಸಿದರೂ ಕಾರ್ಬುರೇಟರ್ ಸೋರುವುದು ನಿಂತಿಲ್ಲ

ಶಿರಸಿ ಮಾರ್ಕ್4

ಎಲ್ಲರಿಗೂ ನಮಸ್ಕಾರ. ನಮ್ಮದು 1983ರ ಅಂಬಾಸಿಡರ್ ಮಾರ್ಕ್ 4. ಪೆಟ್ರೋಲ್ ಗಾಡಿ, 1489 ಸಿಸಿ ಎಂಜಿನ್, ಸೋಲೆಕ್ಸ್ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ). ಅಪ್ಪ ಇದನ್ನು ಇಪ್ಪತ್ತೆರಡು ವರ್ಷ ಟ್ಯಾಕ್ಸಿಯಾಗಿ ಓಡಿಸಿದವರು. ಶಿರಸಿಯಿಂದ ಕುಮಟಾಕ್ಕೆ, ದೇವಿಮನೆ ಘಟ್ಟ ಇಳಿದು ಮತ್ತೆ ಹತ್ತಿ, ಕೆಲವು ದಿನ ಎರಡೆರಡು ಸಲ. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಅಪ್ಪ ಮಾತ್ರ ಒಪ್ಪಲಿಲ್ಲ. "ಘಟ್ಟದಲ್ಲಿ ಇದರ ದನಿ ಕೇಳಿದರೇ ಸಾಕು, ಗೇರ್ ಯಾವಾಗ ಹಾಕಬೇಕು ಅಂತ ಗೊತ್ತಾಗ್ತದೆ" ಅನ್ನುತ್ತಿದ್ದರು. ಈಗ ಅವರಿಗೆ 79. ಕಣ್ಣು ಸರಿ ಕಾಣುವುದಿಲ್ಲ, ಹಾಗಾಗಿ ಓಡಿಸುವುದು ನಾನು. ಅವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.

ತೊಂದರೆ ಶುರುವಾಗಿ ಮೂರು ತಿಂಗಳಾಯಿತು. ಸಂಜೆ ಗಾಡಿ ನಿಲ್ಲಿಸಿ, ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೊದಲು ಗುರುತಿಸಿದ್ದು ಅಪ್ಪನೇ. ನಾನು ಮಳೆಗಾಲದ ಮುಗ್ಗು ವಾಸನೆ ಅಂದುಕೊಂಡಿದ್ದೆ. ಬಾನೆಟ್ ಎತ್ತಿ ನೋಡಿದರೆ ಕಾರ್ಬುರೇಟರ್ ಮೈಯೆಲ್ಲ ಒದ್ದೆ. ಅದರ ಕೆಳಗಿನ ಸೈಲೆನ್ಸರ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ) ಮೇಲೆ ಕಂದು ಬಣ್ಣದ ಕಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಹದಿನೈದು ಇಪ್ಪತ್ತು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಮೊದಲೆಲ್ಲ ಚೋಕ್ ಎಳೆದರೆ ಎರಡನೇ ಸಲಕ್ಕೇ ಹಿಡಿಯುತ್ತಿತ್ತು. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ ಏಳಕ್ಕೆ ಇಳಿದಿದೆ.

ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಹೊಸದು ಹಾಕಿದರು. ಮೇಲಿನ ಮುಚ್ಚಳದ ಸ್ಕ್ರೂಗಳನ್ನೆಲ್ಲ ಜೋರಾಗಿ ಬಿಗಿ ಮಾಡಿದರು. ಒಂದು ಕಡೆ ಎಂ-ಸೀಲ್ ಮೆತ್ತಿದರು. ಎರಡು ದಿನ ಸುಮ್ಮನಿತ್ತು, ಮೂರನೇ ದಿನ ಮತ್ತೆ ಅದೇ ಕಥೆ. ಈಗ ಅವರು "ಇದನ್ನು ತೆಗೆದು ಬೇರೆ ಕಾರಿನ ಕಾರ್ಬುರೇಟರ್ ಕೂರಿಸೋಣ, ಒಂದು ಪ್ಲೇಟ್ ಮಾಡಿಸಿದರೆ ಆಯ್ತು" ಅನ್ನುತ್ತಿದ್ದಾರೆ. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ. ಎದ್ದು ಹೋಗಿ ಬಾನೆಟ್ ಮುಚ್ಚಿದರು.

ನನಗೆ ಇದೇ ಕಾರ್ಬುರೇಟರ್ ಉಳಿಸಿಕೊಳ್ಳಬೇಕು. ಸ್ಪ್ಯಾನರ್ ಹಿಡಿದು ಅಭ್ಯಾಸವಿದೆ, ಕಾರ್ಬುರೇಟರ್ ಮಾತ್ರ ಯಾವತ್ತೂ ಬಿಚ್ಚಿಲ್ಲ. ನೀಡಲ್ ಹೊಸದಾದರೂ ಸೋರುವುದು ಯಾಕೆ? ಎಲ್ಲಿಂದ ನೋಡುತ್ತಾ ಬರಬೇಕು? ತಿಳಿದವರು ದಯವಿಟ್ಟು ಹೇಳಿ.

---

ದಾವಣಗೆರೆ ಪದ್ಮಿನಿ

ಮೇಡಂ, ಉಳಿದದ್ದು ಆಮೇಲೆ. ಮೊದಲು ಆ ಗಾಡಿ ಸ್ಟಾರ್ಟ್ ಮಾಡುವುದನ್ನು ನಿಲ್ಲಿಸಿ.

ಅಂಬಾಸಿಡರ್‌ನಲ್ಲಿ ಕಾರ್ಬುರೇಟರೂ ಸೈಲೆನ್ಸರ್ ಮ್ಯಾನಿಫೋಲ್ಡೂ ಎಂಜಿನ್ನಿನ ಒಂದೇ ಬದಿಗೆ ಇವೆ. ಇದು ಮೇಲೆ, ಅದು ಕೆಳಗೆ. ಸೋರಿದ ಪೆಟ್ರೋಲ್ ನೇರ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ನೀವು ಹೇಳಿದ ಕಂದು ಕಲೆ ಅದೇ. ಪೆಟ್ರೋಲ್ ಆವಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ಶೆಡ್ಡಿನ ನೆಲದಲ್ಲೇ ಹರಡಿ ನಿಲ್ಲುತ್ತದೆ.

ನನ್ನ ಪದ್ಮಿನಿ ಕಾರಿಗೆ ಬೆಂಕಿ ಬಿದ್ದದ್ದು ಹೀಗೇ. ಪೈಪಿನ ಕ್ಲಿಪ್ ಸಡಿಲವಾಗಿತ್ತು, ನಾಳೆ ನೋಡಿದರಾಯ್ತು ಅಂತ ಎರಡು ವಾರ ಓಡಿಸಿದೆ. ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಸಂದಿಯಿಂದ ಹೊಗೆ ಬಂತು. ಪಕ್ಕದ ಬೀಡಾ ಅಂಗಡಿಯವರು ಮರಳು ತಂದು ಸುರಿದಿದ್ದಕ್ಕೆ ಎಂಜಿನ್ ಉಳಿಯಿತು. ವೈರಿಂಗ್ ಪೂರ್ತಿ ಹೋಯಿತು. ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು.

ಬ್ಯಾಟರಿಯ ಒಂದು ವೈರ್ ಬಿಚ್ಚಿಡಿ. ಶೆಡ್ಡಿನ ಬಾಗಿಲು ತೆರೆದೇ ಇರಲಿ. ಎರಡು ಕೆಜಿಯ ಡ್ರೈ ಪೌಡರ್ ಸಿಲಿಂಡರ್ ಒಂದನ್ನು ತಂದು ಬಾಗಿಲ ಬಳಿ ಇಡಿ. ನೀರು ಹಾಕಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತದೆ.

---

ಹಳೇ ಮಿಸ್ತ್ರಿ, ಮೈಸೂರು

ನೋಡಮ್ಮ, ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಅದನ್ನು ಮಾಡಿಯೇ ಮುಂದಿನದು ಓದು.

ನಾನು ಮೂವತ್ತೆಂಟು ವರ್ಷ ಗ್ಯಾರೇಜ್ ನಡೆಸಿದವನು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಬಾಸಿಡರ್ ಕೆಲಸ. ಸೋರುತ್ತದೆ ಅಂದ ಕೂಡಲೇ ನೀಡಲ್ ಬದಲಿಸುವುದು ಎಲ್ಲರೂ ಮಾಡುವ ತಪ್ಪು. ಎಲ್ಲಿಂದ ಸೋರುತ್ತದೆ ಅನ್ನುವುದಕ್ಕಿಂತ ಮೊದಲು ಯಾವಾಗ ಸೋರುತ್ತದೆ ಅಂತ ಕೇಳಬೇಕು.

ನೀಡಲ್ ಹಾಳಾಗಿದ್ದರೆ ಎಂಜಿನ್ ಓಡುವಾಗ ಸೋರುತ್ತದೆ. ಯಾಕೆ ಅಂದರೆ ಆಗ ಪಂಪು ಪೆಟ್ರೋಲ್ ತಳ್ಳುತ್ತಾ ಇರುತ್ತದೆ, ನೀಡಲ್ ತಡೆಯುವುದಿಲ್ಲ, ಫ್ಲೋಟ್ ಚೇಂಬರ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ತುಂಬಿ ಮೇಲಿಂದ ಉಕ್ಕುತ್ತದೆ. ಎಂಜಿನ್ ನಿಲ್ಲಿಸಿದರೆ ಪಂಪಿನಲ್ಲಿ ಉಳಿದ ಒತ್ತಡ ಇಳಿಯುವವರೆಗೆ ಸ್ವಲ್ಪ ಬರಬಹುದು, ಅಷ್ಟೇ. ನಿನ್ನ ಗಾಡಿಯ ಟ್ಯಾಂಕ್ ಹಿಂದೆ ಡಿಕ್ಕಿಯ ಕಡೆ, ಕಾರ್ಬುರೇಟರ್‌ಗಿಂತ ತಗ್ಗಿನಲ್ಲಿದೆ. ಬೈಕಿನ ಹಾಗೆ ಮೇಲಿಂದ ತಾನಾಗಿ ಇಳಿದು ಬರುವುದಿಲ್ಲ. ಹಾಗಿದ್ದ ಮೇಲೆ ರಾತ್ರಿಯಿಡೀ ಸೋರುವುದು ಎಲ್ಲಿಯ ಪೆಟ್ರೋಲು? ಫ್ಲೋಟ್ ಚೇಂಬರಿನಲ್ಲಿ ನಿಂತದ್ದೇ. ಅದು ಖಾಲಿಯಾದ್ದರಿಂದ ಬೆಳಿಗ್ಗೆ ಅಷ್ಟು ಹೊತ್ತು ಸೆಲ್ಫ್ ಹೊಡೆಯಬೇಕು. ಪಂಪು ಮತ್ತೆ ಚೇಂಬರ್ ತುಂಬಬೇಕಲ್ಲ.

ಅಂದರೆ ತೂತು ಚೇಂಬರಿನ ಪೆಟ್ರೋಲ್ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಇರುವುದು ಎರಡೇ ಜಾಗ. ಒಂದು, ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಹೊರಗಿನಿಂದ ಕೂರುವಲ್ಲಿಯ ವಾಷರ್. ಇನ್ನೊಂದು, ಆಕ್ಸಿಲರೇಟರ್ ಒತ್ತಿದಾಗ ಒಂದಿಷ್ಟು ಹೆಚ್ಚಿನ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್, ಅಂದರೆ ಅದರ ರಬ್ಬರ್ ಪರದೆ. ಚೇಂಬರಿನ ಪಕ್ಕದಲ್ಲಿ ನಾಲ್ಕು ಸ್ಕ್ರೂ ಇರುವ ಸಣ್ಣ ಮುಚ್ಚಳ ಕಾಣುತ್ತದೆ, ಅದರ ಲಿವರ್‌ಗೆ ಥ್ರಾಟಲ್‌ನಿಂದ ಒಂದು ಕಡ್ಡಿ ಬಂದಿರುತ್ತದೆ. ಆ ಡಯಾಫ್ರಾಮಿನ ಹಿಂದೆ ಯಾವಾಗಲೂ ಪೆಟ್ರೋಲ್ ನಿಂತೇ ಇರುತ್ತದೆ. ಸಣ್ಣ ಬಿರುಕು ಬಿಟ್ಟರೂ ಲಿವರ್ ಬುಡದಿಂದ ಜಿನುಗುತ್ತದೆ. ನನ್ನ ಅನುಮಾನ ಅದರ ಮೇಲೆ.

ಪರೀಕ್ಷೆ ಹೀಗೆ ಮಾಡು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಾರ್ಬುರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸು. ಮೇಲೆಲ್ಲ ಸೀಮೆಸುಣ್ಣದ ಪುಡಿ ಉದುರಿಸು. ಪೆಟ್ರೋಲ್ ಪಂಪಿನ ಕೆಳಗೆ ಕೈಯಲ್ಲಿ ಒತ್ತುವ ಪುಟ್ಟ ಲಿವರ್ ಇದ್ದರೆ ಅದನ್ನು ಒತ್ತುತ್ತಾ ಹೋಗು. ಲಿವರ್ ಹಿಡಿತವೇ ಸಿಗದೆ ಸಡಿಲ ಅನ್ನಿಸಿದರೆ ಎಂಜಿನ್ನಿನೊಳಗೆ ಪಂಪನ್ನು ನಡೆಸುವ ಉಬ್ಬು, ಅಂದರೆ ಕ್ಯಾಮ್, ಪಂಪನ್ನು ಒತ್ತಿ ಹಿಡಿದಿದೆ ಅಂತ ಅರ್ಥ. ಆಗ ಫ್ಯಾನ್ ಹಿಡಿದು ಎಂಜಿನ್ ಒಂದು ಸುತ್ತು ತಿರುಗಿಸು. ಚೇಂಬರ್ ತುಂಬುವವರೆಗೆ ಲಿವರ್ ಬಿಗಿಯಾಗಿರುತ್ತದೆ. ತುಂಬಿದ ಮೇಲೆ ನೀಡಲ್ ಮುಚ್ಚಿಕೊಂಡು ಲಿವರ್ ಸಡಿಲವಾಗಬೇಕು. ಸಡಿಲವಾದರೆ ನೀಡಲ್ ಸರಿ ಇದೆ. ಎಷ್ಟು ಒತ್ತಿದರೂ ಬಿಗಿ ಹಾಗೇ ಇದ್ದರೆ ನೀಡಲ್ ತಡೆಯುತ್ತಿಲ್ಲ. ಆಮೇಲೆ ಹತ್ತು ನಿಮಿಷ ಸುಮ್ಮನೆ ನೋಡುತ್ತಾ ಕೂರು. ಪುಡಿ ಎಲ್ಲಿ ಮೊದಲು ಕಪ್ಪಾಗುತ್ತದೋ ಸೋರುವ ಜಾಗ ಅದೇ. ಕೆಳಗೆ ಹರಿದದ್ದನ್ನು ನೋಡಬೇಡ, ಮೊದಲು ಒದ್ದೆಯಾದದ್ದನ್ನು ನೋಡು.

ಒಂದು ಪ್ರಶ್ನೆ ಇದೆ. ಮೈಲೇಜ್ ಇಳಿದದ್ದು ನೀಡಲ್ ಬದಲಿಸುವ ಮೊದಲೋ, ಆಮೇಲೋ? ಜ್ಞಾಪಿಸಿಕೊಂಡು ಹೇಳು.

---

ಆಕ್ಸ್‌ಫರ್ಡ್ ಕನ್ನಡಿಗ

ಬಿಡಿಭಾಗದ ವಿಷಯಕ್ಕೆ ಒಂದು ಮಾತು. ನಾನು ಇರುವುದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಅಂಬಾಸಿಡರ್‌ನ ಮೂಲ ಗಾಡಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಯಾರಾಗುತ್ತಿದ್ದ ಕೌಲಿ ಇಲ್ಲೇ ಪಕ್ಕದಲ್ಲಿದೆ. ಆ ಹೆಸರು ನೋಡಿ ಕೆಲವರು ಇಲ್ಲಿಂದ "ಮಾರಿಸ್ ಆಕ್ಸ್‌ಫರ್ಡ್ ಕಾರ್ಬುರೇಟರ್ ಕಿಟ್" ತರಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ತರಿಸಬೇಡಿ. ಇಲ್ಲಿನ ಗಾಡಿಗೆ ಇದ್ದದ್ದು ಎಸ್‌ಯು ಕಾರ್ಬುರೇಟರ್. ಪಿಸ್ಟನ್ ಮೇಲೆ ಕೆಳಗೆ ಆಡುವ, ಬೇರೆಯೇ ಜಾತಿಯದು. ಅದರ ಒಂದು ವಾಷರ್ ಕೂಡ ನಿಮ್ಮ ಸೋಲೆಕ್ಸ್‌ಗೆ ಹೊಂದುವುದಿಲ್ಲ. ನಿಮಗೆ ಬೇಕಾದದ್ದು ಸೋಲೆಕ್ಸ್ 32 ಪಿಬಿಐಸಿ ಕಿಟ್. ಕಾರ್ಬುರೇಟರ್ ಮೈಮೇಲೆ ಎರಕದ ಅಕ್ಷರ ಇರುತ್ತದೆ, ಒರೆಸಿ ಓದಿಕೊಳ್ಳಿ.

ಇಲ್ಲಿ 2021ರ ಸೆಪ್ಟೆಂಬರಿನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್ ಮಾಮೂಲಿ ಆಯಿತು. ಆಗ ಹಳೇ ಕಾರಿನವರೆಲ್ಲ ಒಂದು ಸುತ್ತು ರಬ್ಬರ್ ಬದಲಿಸಿದರು. ನಿಮ್ಮಲ್ಲಿ ಅದರ ಎರಡರಷ್ಟು ಇದೆ. ಡಯಾಫ್ರಾಮ್ ಕೊಳ್ಳುವಾಗ ಎಥನಾಲ್ ತಡೆಯುತ್ತದೆಯೇ ಅಂತ ಕೇಳಿಯೇ ಕೊಳ್ಳಿ.

---

ಶಿರಸಿ ಮಾರ್ಕ್4

ಎಲ್ಲರಿಗೂ ಧನ್ಯವಾದ. ಬ್ಯಾಟರಿ ವೈರ್ ಮೊನ್ನೆಯೇ ಬಿಚ್ಚಿದೆ. ಪೌಡರ್ ಸಿಲಿಂಡರ್ ತಂದು ಶೆಡ್ಡಿನ ಕಂಬಕ್ಕೆ ನೇತು ಹಾಕಿದ್ದೇನೆ. ಪದ್ಮಿನಿಯವರೇ, ನಿಮ್ಮ ಮಗಳ ವಿಷಯ ಓದಿ ಆಯಿ (ಅಮ್ಮ) ಆ ರಾತ್ರಿಯೇ ಶೆಡ್ಡಿನಲ್ಲಿದ್ದ ಹಳೇ ಗೋಣಿಚೀಲ, ಒಣ ಅಡಿಕೆ ಹಾಳೆ ಎಲ್ಲ ಎತ್ತಿಸಿಬಿಟ್ಟರು.

ಮಿಸ್ತ್ರಿಯವರೇ, ನೀವು ಹೇಳಿದ ಹಾಗೇ ಮಾಡಿದೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು, ಸೀಮೆಸುಣ್ಣಕ್ಕೆ ಬರವಿಲ್ಲ. ಆರು ತುಂಡು ಅರೆದು ಹಳೇ ಟೀ ಜರಡಿಯಲ್ಲಿ ಉದುರಿಸಿದೆ. ಕಾರ್ಬುರೇಟರ್ ಪೂರ್ತಿ ಬೆಳ್ಳಗಾಯಿತು. ಅಪ್ಪ ಮಡಚುವ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತರು.

ಪಂಪಿನ ಲಿವರ್ ಎಲ್ಲಿದೆ ಅಂತ ಅಪ್ಪನೇ ನನ್ನ ಕೈ ಹಿಡಿದು ತೋರಿಸಿದರು. ನೋಡದೆಯೇ ಬೆರಳು ನೇರ ಅಲ್ಲಿಗೆ ಹೋಯಿತು. ಇಪ್ಪತ್ತೇಳು ಸಲ ಒತ್ತಿದ ಮೇಲೆ ಲಿವರ್ ಸಡಿಲವಾಯಿತು. ಅಂದರೆ ನೀಡಲ್ ತಡೆಯುತ್ತಿದೆ. ನಾಲ್ಕು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಆ ನಾಲ್ಕು ಸ್ಕ್ರೂ ಇರುವ ಮುಚ್ಚಳದ ಲಿವರ್ ಬುಡದಲ್ಲಿ ಸಾಸಿವೆಯಷ್ಟು ಬೂದು ಚುಕ್ಕೆ ಬಂತು. ನೋಡುತ್ತಿದ್ದ ಹಾಗೇ ಅದು ಅಗಲವಾಗಿ, ಬಿಳಿ ಪುಡಿಯ ನಡುವೆ ಒಂದು ಗೆರೆಯಾಗಿ ಕೆಳಗಿಳಿಯಿತು. ಗೆರೆಯ ತುದಿಯಲ್ಲಿ ಒಂದು ಹನಿ ಕಟ್ಟಿತು. "ಬಂತಾ?" ಅಂದರು ಅಪ್ಪ. ವಾಸನೆ ಅವರಿಗೆ ಮೊದಲೇ ಗೊತ್ತಾಗಿತ್ತು.

ಇನ್ನೊಂದು ವಿಷಯ. ಮೇಲಿನ ಮುಚ್ಚಳದ ಪ್ಯಾಕಿಂಗ್ ಸಂದಿಯಲ್ಲೂ ಒಂದು ಕಡೆ, ಪೈಪ್ ಬರುವ ಮೂಲೆಯಲ್ಲಿ, ಪುಡಿ ನಿಧಾನಕ್ಕೆ ಕಪ್ಪಾಯಿತು. ಇದು ಯಾಕೆ? ನೀಡಲ್ ಸರಿ ಇದ್ದರೆ ಪೆಟ್ರೋಲ್ ಅಷ್ಟು ಮೇಲೆ ಬರಬಾರದಲ್ವಾ?

ಮೈಲೇಜ್ ಬಗ್ಗೆ ಅಪ್ಪನ ಹಳೇ ನೋಟುಬುಕ್ ನೋಡಿದೆ. ಪೆಟ್ರೋಲ್ ಹಾಕಿಸಿದ ಲೆಕ್ಕ ಈಗಲೂ ಅದರಲ್ಲೇ ಬರೆಯುತ್ತೇವೆ. ಸೋರುವುದು ಶುರುವಾದಾಗ ಹತ್ತರಿಂದ ಒಂಬತ್ತಕ್ಕೆ ಬಂದಿತ್ತು. ಏಳಕ್ಕೆ ಇಳಿದದ್ದು ನೀಡಲ್ ಬದಲಿಸಿದ ಮೇಲೆ.

---

ಹಳೇ ಮಿಸ್ತ್ರಿ, ಮೈಸೂರು

ಸರಿಯಾಗಿ ಮಾಡಿದ್ದೀಯಮ್ಮ. ಆ ನೋಟುಬುಕ್ಕು ನಿಮ್ಮಪ್ಪನ ಹತ್ತಿರ ಇರುವುದು ದೊಡ್ಡ ವಿಷಯ. ಅರ್ಧ ಉತ್ತರ ಅದರಲ್ಲೇ ಸಿಕ್ಕಿತು.

ನಿನ್ನ ಗಾಡಿಗೆ ಮೂಲದಲ್ಲಿ ಇದ್ದ ಕಾಯಿಲೆ ಒಂದೇ, ಡಯಾಫ್ರಾಮ್. ಉಳಿದೆರಡು ಆಮೇಲೆ ಬಂದವು.

ಸೋಲೆಕ್ಸ್‌ನಲ್ಲಿ ನೀಡಲ್ ವಾಲ್ವು ಮೇಲಿನ ಮುಚ್ಚಳಕ್ಕೆ ಕೆಳಗಿನಿಂದ ತಿರುಚಿ ಕೂರುತ್ತದೆ. ಮಧ್ಯೆ ಒಂದು ವಾಷರ್ ಇರುತ್ತದೆ. ಅದು ಬರೀ ಸೋರದಿರಲಿ ಅಂತ ಹಾಕಿದ ವಾಷರ್ ಅಲ್ಲ. ಪೆಟ್ರೋಲ್ ಮಟ್ಟ ನಿಲ್ಲಿಸುವುದೇ ಅದು. ದಪ್ಪ ವಾಷರ್ ಹಾಕಿದರೆ ನೀಡಲ್ ಕೆಳಗೆ ಬರುತ್ತದೆ, ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಬೇಗ ತಾಗುತ್ತದೆ, ಮಟ್ಟ ಇಳಿಯುತ್ತದೆ. ತೆಳು ಹಾಕಿದರೆ ಮಟ್ಟ ಏರುತ್ತದೆ. ಅರ್ಧ ಮಿಲಿಮೀಟರ್ ವ್ಯತ್ಯಾಸ ಸಣ್ಣದು ಅಂತ ಕಾಣಬಹುದು. ಆದರೆ ಫ್ಲೋಟಿನ ಕೈ ಉದ್ದ, ನೀಡಲ್ ತಾಗುವುದು ಅದರ ಬುಡದ ಹತ್ತಿರ. ಹಾಗಾಗಿ ಫ್ಲೋಟಿನ ಕಡೆ ಅದು ಇನ್ನೂ ಜಾಸ್ತಿ ಆಗುತ್ತದೆ. ಇದನ್ನು ನಾನು ನಿನಗೆ ಹೇಳಬೇಕಾಗಿಲ್ಲ, ಪಾಠ ಮಾಡುವವಳು ನೀನೇ. ಮಟ್ಟ ಏರಿದರೆ ಜೆಟ್ಟಿನಿಂದ ಪೆಟ್ರೋಲ್ ಸುಲಭವಾಗಿ ಎಳೆಯುತ್ತದೆ, ಗಾಡಿ ಕುಡಿಯಲು ಶುರು ಮಾಡುತ್ತದೆ. ನಿನ್ನ ಮೈಲೇಜ್ ಹೋದದ್ದು ಅಲ್ಲಿ. ಹೊಸ ನೀಡಲ್ ಜೊತೆ ಬಂದ ವಾಷರನ್ನೇ ಹಾಗೇ ಹಾಕಿರುತ್ತಾರೆ. ಬಿಚ್ಚಿದ ಹಳೇ ವಾಷರ್ ನಿನಗೆ ಕೊಟ್ಟಿದ್ದಾರಾ ಹುಡುಕು.

ಇನ್ನು ಮುಚ್ಚಳ. ಕಾರ್ಬುರೇಟರ್ ಮೈ ಸತುವಿನ ಎರಕ, ಮೆತ್ತಗಿನ ಲೋಹ. ಸ್ಕ್ರೂ ಜೋರಾಗಿ ಬಿಗಿ ಮಾಡಿದರೆ ಸ್ಕ್ರೂ ಇರುವ ಮೂಲೆಗಳು ಕೆಳಗೆ ಬಾಗುತ್ತವೆ, ನಡುವೆ ಸಂದಿ ಬಿಡುತ್ತದೆ. ಇನ್ನೂ ಬಿಗಿದರೆ ಇನ್ನೂ ಸಂದಿ. ಎಷ್ಟೋ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿತ್ತು ನನಗೆ. ಸೋರಿದರೆ ಬಿಗಿ ಮಾಡುವುದಲ್ಲ, ಬಿಚ್ಚಿ ಮಟ್ಟ ಮಾಡಬೇಕು.

ಅರ್ಧ ಇಂಚು ದಪ್ಪದ ಗಾಜು ಸಿಕ್ಕರೆ ತಗೋ. ಗಾಜಿನ ಅಂಗಡಿಯಲ್ಲಿ ತುಂಡು ಬಿದ್ದಿರುತ್ತದೆ. ಅದರ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಎರಡು ಹನಿ ಸೀಮೆಎಣ್ಣೆ ಹಾಕು. ನೀಡಲ್ ವಾಲ್ವ್ ಬಿಚ್ಚಿಟ್ಟು, ಮುಚ್ಚಳದ ಮುಖವನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜು. ಒತ್ತಬೇಡ, ಅದರ ಭಾರವೇ ಸಾಕು. ಮೊದಲು ಮೂಲೆಗಳು ಮಾತ್ರ ಹೊಳೆಯುತ್ತವೆ. ಅಂಚೆಲ್ಲ ಒಂದೇ ಸಮ ಹೊಳೆದಾಗ ನಿಲ್ಲಿಸು. ಎಂ-ಸೀಲನ್ನು ಕೆರೆದು ತೆಗೆ. ಮತ್ತೆ ಯಾವ ಅಂಟನ್ನೂ ಹಚ್ಚಬೇಡ. ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಚೂರು ಚೂರಾಗಿ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಒಣ ಪ್ಯಾಕಿಂಗ್ ಸಾಕು.

ಫ್ಲೋಟನ್ನೂ ಒಮ್ಮೆ ನೋಡಿಬಿಡು. ಹಿತ್ತಾಳೆಯದಾದರೆ ಕಿವಿಯ ಬಳಿ ಅಲ್ಲಾಡಿಸು. ಒಳಗೆ ಗುಳುಗುಳು ಅಂದರೆ ಪೆಟ್ರೋಲ್ ಹೊಕ್ಕಿದೆ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ, ಮನೆಯ ಹೊರಗೆ ತಂದು, ಅದರಲ್ಲಿ ಮುಳುಗಿಸಿ ಹಿಡಿದರೆ ಬೆಸುಗೆಯಲ್ಲಿ ಬಿರುಕು ಇದ್ದ ಕಡೆ ಗುಳ್ಳೆ ಬರುತ್ತದೆ. ಹಾಗೆ ಬಂದರೆ ನೀನು ಬೆಸುಗೆ ಹಾಕಲು ಹೋಗಬೇಡ, ಒಳಗೆ ಆವಿ ಇರುತ್ತದೆ. ಫ್ಲೋಟ್ ಬದಲಿಸು.

---

ಕಲಾಸಿಪಾಳ್ಯದ ಹತ್ತಿರ

ಕಿಟ್ ಬಗ್ಗೆ ನಾನು ಹೇಳುತ್ತೇನೆ. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಮಾನು ಈಗಲೂ ಸಿಗುತ್ತದೆ, ಹುಡುಕಬೇಕು ಅಷ್ಟೇ. ಎರಡು ಥರ ಕಿಟ್ ಇವೆ. ಒಂದು ವರ್ಷಗಟ್ಟಲೆ ಡಬ್ಬಿಯಲ್ಲೇ ಕೂತ ಹಳೇ ದಾಸ್ತಾನು. ಹೆಸರು ಒರಿಜಿನಲ್ ಇರುತ್ತದೆ, ಆದರೆ ಡಯಾಫ್ರಾಮ್ ಒಣಗಿರುತ್ತದೆ. ಬೆರಳಲ್ಲಿ ಮಡಚಿ ನೋಡಿ, ಮಡಿಕೆಯಲ್ಲಿ ಬಿಳಿ ಗೆರೆ ಬಂದರೆ ಬೇಡ. ಇನ್ನೊಂದು ಈಚೆಗೆ ಮಾಡಿದ್ದು. ನೋಡಲು ಒರಟು, ಆದರೆ ರಬ್ಬರ್ ಹೊಸದು. ನಾನಾದರೆ ಎರಡನೆಯದನ್ನೇ ಕೊಳ್ಳುತ್ತೇನೆ. ಹಳೇ ಡಯಾಫ್ರಾಮ್ ಜೊತೆಗಿಟ್ಟು ತೂತು, ಕಡ್ಡಿಯ ಉದ್ದ ಎರಡನ್ನೂ ಅಳೆದೇ ಹಣ ಕೊಡಿ.

ಈ ರಬ್ಬರ್ ಹಾಳಾಗುವ ತೊಂದರೆ ಈಗೀಗ ಜಾಸ್ತಿ. ಇಪ್ಪತ್ತು ಪರ್ಸೆಂಟ್ ಎಥನಾಲ್ ಇರುವ ಇ-20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಂತು. ಬಿಡುಗಡೆ ಆದದ್ದು ಇಲ್ಲೇ ಬೆಂಗಳೂರಿನಲ್ಲಿ, ಇಂಡಿಯಾ ಎನರ್ಜಿ ವೀಕ್ ಸಮಯದಲ್ಲಿ. ಹಳೇ ಗಾಡಿಯ ರಬ್ಬರು, ಕಾರ್ಕು ಯಾವುದನ್ನೂ ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಳೇ ಮೆಕ್ಯಾನಿಕ್‌ಗಳು ಪ್ಯಾಕಿಂಗಿಗೆ ಅರಗಿನ ಶೆಲ್ಲಾಕ್ ಹಚ್ಚುತ್ತಿದ್ದರು. ಬರೀ ಪೆಟ್ರೋಲಿಗೆ ಅದು ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಆದರೆ ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಯಾವುದರಲ್ಲಿ? ಸ್ಪಿರಿಟ್‌ನಲ್ಲಿ. ಎಥನಾಲ್ ಅಂದರೆ ಅದೇ. ಇಷ್ಟು ವರ್ಷ ಸೋರದ ಜಾಗ ಈಗ ಸೋರುವುದಕ್ಕೆ ಇದೂ ಒಂದು ಕಾರಣ.

ಕಿಟ್ ಜೊತೆ ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬುರೇಟರ್‌ಗೆ ಇರುವ ರಬ್ಬರ್ ತುಂಡುಗಳನ್ನೂ ಬದಲಿಸಿ. ಬೇರೆ ಕಾರಿನ ಕಾರ್ಬುರೇಟರ್ ಹಾಕಿಸಬೇಡಿ. ಹಾಗೆ ಮಾಡಿಸಿದ ನನ್ನ ಸ್ನೇಹಿತರೊಬ್ಬರ ಗಾಡಿ ಒಂದು ವರ್ಷ ಜೆಟ್ ಹೊಂದದೆ ಏರಿನಲ್ಲೆಲ್ಲ ಮಿಸ್ಸಿಂಗ್ ಹೊಡೆಯುತ್ತಿತ್ತು. ಕೊನೆಗೆ ಗುಜರಿಯಲ್ಲಿ ಸೋಲೆಕ್ಸ್ ಹುಡುಕಿ ವಾಪಸ್ ಹಾಕಿದರು.

---

ಶಿರಸಿ ಮಾರ್ಕ್4

ಮೂರು ವಾರ ಬರೆಯಲಾಗಲಿಲ್ಲ, ಪರೀಕ್ಷೆಯ ಮೌಲ್ಯಮಾಪನ ಇತ್ತು. ಕೆಲಸ ಮುಗಿದಿದೆ. ಆದದ್ದನ್ನು ಪೂರ್ತಿ ಹೇಳುತ್ತೇನೆ. ಮುಂದೆ ಇದೇ ತೊಂದರೆ ಬಂದವರಿಗೆ ಬೇಕಾಗಬಹುದು.

ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಕಿಟ್ ತರಿಸಿದೆ. ಗ್ಯಾರೇಜಿನವರು ಹಳೇ ನೀಡಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಿದ್ದರು, ಅಪ್ಪ ಅದನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿದ್ದರು. ವಾಷರ್ ಅದರ ಜೊತೆಗೇ ಇತ್ತು. ಎರಡನ್ನೂ ಕಾಲೇಜಿಗೆ ಒಯ್ದು ಲ್ಯಾಬಿನ ಸ್ಕ್ರೂಗೇಜಿನಲ್ಲಿ ಅಳೆದೆ. ಹಳೆಯದು 1.02 ಮಿಲಿಮೀಟರ್. ಹೊಸದು 0.48. ಮಿಸ್ತ್ರಿಯವರೇ, ನೀವು ಮೈಸೂರಿನಲ್ಲಿ ಕೂತು ಅರ್ಧ ಮಿಲಿಮೀಟರ್ ಅಂದಿರಿ. ಅಷ್ಟೇ ಇತ್ತು! ಹುಡುಗರಿಗೆ ಪ್ರತಿ ವರ್ಷ ತಂತಿಯ ದಪ್ಪ ಅಳೆಸುತ್ತೇನೆ. ಈ ವರ್ಷದಿಂದ ಈ ಎರಡು ವಾಷರ್‌ಗಳನ್ನೂ ಅಳೆಸುವವಳಿದ್ದೇನೆ, ಕಥೆ ಸಮೇತ.

ಡಯಾಫ್ರಾಮ್ ಬಿಚ್ಚಿದಾಗ ಸ್ಪ್ರಿಂಗ್ ಹಾರಿ ಹೋಗುತ್ತದೆ ಅಂತ ಅಪ್ಪ ಮೊದಲೇ ಎಚ್ಚರಿಸಿದ್ದರು. ಕೆಳಗೆ ಬಿಳಿ ಪಂಚೆ ಹಾಸಿಸಿದರು. ಹಾರಿದ್ದು ನಿಜ, ಪಂಚೆಯ ಮೇಲೇ ಬಿತ್ತು. ಹಳೇ ಡಯಾಫ್ರಾಮ್ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬೆಳಕಿಗೆ ಹಿಡಿದರೆ ನಡುವಿನ ಕಡ್ಡಿಯ ಸುತ್ತ ಅರ್ಧಚಂದ್ರದ ಹಾಗೆ ಒಂದು ಬಿರುಕು, ಕೂದಲೆಳೆಯಷ್ಟು. ಅದರೊಳಗಿಂದ ಹೊರಗಿನ ಅಡಿಕೆ ತೋಟದ ಬೆಳಕು ಸಣ್ಣಗೆ ಕಾಣುತ್ತಿತ್ತು. ಮೂರು ತಿಂಗಳು ನಮ್ಮನ್ನು ಕಾಡಿದ್ದು ಅಷ್ಟೇ.

ಹೊಸದು ಕೂರಿಸುವಾಗ ನಾನು ನಾಲ್ಕು ಸ್ಕ್ರೂ ಒಟ್ಟಿಗೇ ಬಿಗಿ ಮಾಡಲು ಹೋದೆ. ಅಪ್ಪ ತಡೆದರು. ಸ್ಕ್ರೂಗಳನ್ನು ಸುಮ್ನೆ ತಾಗುವಷ್ಟು ಮಾತ್ರ ತಿರುಗಿಸಿ, ಲಿವರನ್ನು ಪೂರ್ತಿ ಒತ್ತಿ ಹಿಡಿದು, ಹಾಗೇ ಹಿಡಿದುಕೊಂಡೇ ಎದುರು ಬದುರು ಬಿಗಿ ಮಾಡಬೇಕಂತೆ. ಇಲ್ಲದಿದ್ದರೆ ಡಯಾಫ್ರಾಮ್ ಎಳೆದುಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ. ಲಿವರ್ ಒತ್ತಿ ಹಿಡಿದದ್ದು ಅವರು, ಸ್ಕ್ರೂ ತಿರುಗಿಸಿದ್ದು ನಾನು. ಕೈ ನಡುಗುತ್ತದೆ ಅಂತ ಈಚೆಗೆ ಟೀ ಲೋಟವನ್ನೂ ಆಯಿಯೇ ಹಿಡಿದು ಕೊಡುತ್ತಾರೆ. ಆ ಐದು ನಿಮಿಷ ಲಿವರ್ ಮೇಲಿದ್ದ ಅವರ ಹೆಬ್ಬೆರಳು ಅಲ್ಲಾಡಲಿಲ್ಲ.

ಮುಚ್ಚಳ ಮಟ್ಟ ಮಾಡಲು ನಲವತ್ತು ನಿಮಿಷ ಬೇಕಾಯಿತು. ನೀವು ಹೇಳಿದಂತೆ ಮೊದಲು ಐದು ಸ್ಕ್ರೂಗಳ ಸುತ್ತ ಮಾತ್ರ ಹೊಳಪು ಬಂತು. ಪೈಪ್ ಬರುವ ಮೂಲೆಯ ಪಕ್ಕ ಕೊನೆಯವರೆಗೂ ಕಪ್ಪಗೇ ಇತ್ತು. ಫ್ಲೋಟ್ ಚೆನ್ನಾಗಿದೆ, ಬಿಸಿನೀರಿನಲ್ಲಿ ಗುಳ್ಳೆ ಬರಲಿಲ್ಲ. ನೀಡಲ್ ಹೊಸದನ್ನೇ ಉಳಿಸಿಕೊಂಡು 1 ಮಿಲಿಮೀಟರಿನ ಹೊಸ ವಾಷರ್ ಹಾಕಿದೆ. ಮೇನ್ ಜೆಟ್ಟಿನ ಫೈಬರ್ ವಾಷರ್ ಕೂಡ ಬದಲಾಯಿತು. ರಬ್ಬರ್ ಪೈಪುಗಳೂ ಹೊಸವು.

ಮತ್ತೆ ಸೀಮೆಸುಣ್ಣ ಉದುರಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಅಪ್ಪ ನನಗಿಂತ ಮೊದಲು ಎದ್ದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ವಾಸನೆ ಇರಲಿಲ್ಲ. ಪುಡಿ ಬೆಳ್ಳಗೇ ಇತ್ತು. ಬ್ಯಾಟರಿ ಕೂಡಿಸಿ, ಚೋಕ್ ಎಳೆದು ಸೆಲ್ಫ್ ಹೊಡೆದೆ. ಎರಡನೇ ಸಲಕ್ಕೆ ಹಿಡಿಯಿತು.

ಭಾನುವಾರ ಮೂವರೂ ಕುಮಟಾಕ್ಕೆ ಹೋಗಿ ಬಂದೆವು. ದೇವಿಮನೆ ಘಟ್ಟ ಹತ್ತುವಾಗ ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಒಂದು ತಿರುವಿನಲ್ಲಿ "ಈಗ ಸೆಕೆಂಡ್ ಹಾಕು" ಅಂದರು. ಹಾಕಿದೆ. ನೋಟುಬುಕ್ಕಿನ ಲೆಕ್ಕದ ಪ್ರಕಾರ 9.6 ಬಂದಿದೆ.

ಒಂದೇ ಪ್ರಶ್ನೆ ಉಳಿದಿದೆ. ಥ್ರಾಟಲ್ ಸ್ಪಿಂಡಲ್ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯ ಕಡ್ಡಿ) ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಡುತ್ತದೆ. ಬುಷ್ (ಸವೆದ ತೂತಿಗೆ ಕೂರಿಸುವ ಲೋಹದ ಬಳೆ) ಹಾಕಿಸಬೇಕಾ?

---

ಹಳೇ ಮಿಸ್ತ್ರಿ, ಮೈಸೂರು

ಬಹಳ ಸಂತೋಷವಾಯಿತಮ್ಮ. ಲಿವರ್ ಒತ್ತಿ ಹಿಡಿಯುವುದನ್ನು ನಾನು ಬರೆಯಲು ಮರೆತಿದ್ದೆ. ನಿಮ್ಮಪ್ಪ ಮರೆತಿಲ್ಲ. ಅವರಿಗೆ ನನ್ನ ನಮಸ್ಕಾರ ಹೇಳು.

ಸ್ಪಿಂಡಲ್ ಆಡಿದರೆ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಎಳೆಯುತ್ತದೆ. ಗಾಡಿ ನಿಂತಲ್ಲೇ ಓಡುತ್ತಿರುವಾಗ ಸ್ಪಿಂಡಲ್ ಬುಡಕ್ಕೆ ಒಂದು ಹನಿ ಎಂಜಿನ್ ಆಯಿಲ್ ಬಿಡು. ಐಡ್ಲಿಂಗ್ ದನಿ ಬದಲಾದರೆ ಲೇತ್‌ನವರ ಹತ್ತಿರ ಹಿತ್ತಾಳೆ ಬುಷ್ ಹಾಕಿಸು. ಬದಲಾಗದಿದ್ದರೆ ಮುಟ್ಟಬೇಡ. ದನಿ ಬದಲಾಯಿತೋ ಇಲ್ಲವೋ ಅಂತ ನಿಮ್ಮಪ್ಪನನ್ನೇ ಕೇಳು.